‘ಹೊಸ ಎಂಜಿನ್ ಬಿಡುಗಡೆ’ ಅಂದರೆ ಏನನ್ನು ಬಿಟ್ಟ ಹಾಗೆ?

ಎಲ್ಲರಿಗೂ ನಮಸ್ಕಾರ.

ನನಗೆ ಪುಟ್ಟ ರೈಲುಗಳ ಹುಚ್ಚು. ಮೇಜಿನ ಮೇಲೆ ಹಳಿ ಜೋಡಿಸಿ, ಅಂಗೈಯಲ್ಲಿ ಹಿಡಿಸುವಂಥ ಎಂಜಿನ್ ಓಡಿಸುವ ಹವ್ಯಾಸ. ನಿಜ ಹೇಳಬೇಕೆಂದರೆ ನಾವು ಓಡಿಸುವುದು ಕಡಿಮೆ. ಮುಂದಿನ ವರ್ಷ ಯಾವ ಎಂಜಿನ್ ಬರಬಹುದು ಅಂತ ಆಸೆಪಡುವುದೇ ಜಾಸ್ತಿ. ಆ ಆಸೆಗಳ ಬಗ್ಗೆ ಕನ್ನಡದಲ್ಲಿ ನಾಲ್ಕು ಪುಟ ಬರೆಯೋಣ ಅಂತ ಕೂತೆ. ಮೊದಲ ವಾಕ್ಯಕ್ಕೇ ಎಡವಿದೆ.

ವಾಕ್ಯ ಇದು: ‘ಈ ವರ್ಷ ಮೊಸಳೆ ಎಂಜಿನ್ನಿನ ಹೊಸ ಮಾದರಿ ಬಿಡುಗಡೆಯಾಗಿದೆ.’

ಮೊಸಳೆ ಅಂದರೆ ಸ್ವಿಟ್ಜರ್ಲೆಂಡಿನ ಒಂದು ಹಳೆಯ ವಿದ್ಯುತ್ ಎಂಜಿನ್. ಗೊಟ್‌ಹಾರ್ಡ್ ಬೆಟ್ಟದ ದಾರಿಗಾಗಿ 1919ರಿಂದ ಕಟ್ಟಿದ್ದು. ಹಿಂದೂ ಮುಂದೂ ಉದ್ದ ಮೂತಿ ಇರುವುದರಿಂದ ಆ ಹೆಸರು. ಇದನ್ನು ಇಬ್ಬರಿಗೆ ಓದಿಸಿದೆ. ಒಬ್ಬರಿಗೆ ಈ ಹವ್ಯಾಸದ ಗಂಧಗಾಳಿ ಇಲ್ಲ. ಅಲ್ಲಿನ ರೈಲ್ವೆಯವರು ನಿಜವಾಗಿಯೂ ಒಂದು ಹೊಸ ಎಂಜಿನ್ ಹಳಿಗೆ ಇಳಿಸಿದ್ದಾರೆ ಅಂದುಕೊಂಡರು. ಇನ್ನೊಬ್ಬರು ನನ್ನಂಥದೇ ಹುಚ್ಚಿನವರು. ಅವರು ಒಂದೇ ಉಸಿರಿಗೆ ಕೇಳಿದರು: “ಕೈಗೇ ಬಂತಾ, ಇಲ್ಲಾ ತರ್ತೀವಿ ಅಂತ ಹೇಳಿದ್ದಾರಾ? ಪೂರ್ತಿ ಹೊಸದಾ, ಹಳೇದಕ್ಕೇ ಬಣ್ಣ ಬಳಿದಿದ್ದಾ?”

ಇಷ್ಟು ಸಣ್ಣ ವಾಕ್ಯದಲ್ಲಿ ಮೂರು ಪದ ಕೈಕೊಟ್ಟಿವೆ. ಮಾದರಿ, ಹೊಸ, ಬಿಡುಗಡೆ. ಒಂದೊಂದನ್ನೇ ನಿಮ್ಮ ಮುಂದೆ ಇಡುತ್ತೇನೆ.

‘ಮಾದರಿ’ ಮೊದಲು. ‘ಮಾದರಿ ಶಾಲೆ’ ಅಂದರೆ ಉಳಿದವರು ನೋಡಿ ಕಲಿಯಬೇಕಾದ ಶಾಲೆ. ‘ಮಾದರಿ ಪ್ರಶ್ನೆಪತ್ರಿಕೆ’ ಅಂದರೆ ಅಸಲಿ ಪತ್ರಿಕೆಯನ್ನು ನೋಡಿ ಅದರ ಹಾಗೆ ಮಾಡಿದ್ದು. ‘ಮಣ್ಣಿನ ಮಾದರಿ’ ಅಂದರೆ ಪರೀಕ್ಷೆಗೆ ತೆಗೆದ ಒಂದು ಹಿಡಿ. ನೋಡಿ ಮಾಡಬೇಕಾದದ್ದೂ ಮಾದರಿ, ನೋಡಿ ಮಾಡಿದ್ದೂ ಮಾದರಿ. ಬೇರೆ ಕಡೆ ಇದರಿಂದ ತೊಂದರೆ ಇಲ್ಲ, ಸಂದರ್ಭವೇ ಅರ್ಥ ಹೇಳುತ್ತದೆ. ನಮ್ಮ ಹವ್ಯಾಸದಲ್ಲಿ ಇವೆರಡೂ ಒಂದೇ ವಾಕ್ಯದಲ್ಲಿ ಎದುರಾಗುತ್ತವೆ.

ಇಂಗ್ಲಿಷಿನವರಿಗೂ ಇಲ್ಲಿ ಗೋಜಲಿದೆ. ಪುಟ್ಟ ರೈಲಿನವರು ‘ಪ್ರೊಟೋಟೈಪ್’ ಅನ್ನುವುದು ನಿಜವಾದ, ಹಳಿಯ ಮೇಲೆ ಓಡಿದ ದೊಡ್ಡ ಎಂಜಿನ್ನಿಗೆ. ಅದೇ ಪುಟ್ಟ ಎಂಜಿನ್ ತಯಾರಿಸುವ ಕಂಪನಿಯ ಎಂಜಿನಿಯರ್ ‘ಪ್ರೊಟೋಟೈಪ್’ ಅಂದರೆ ಪರೀಕ್ಷೆಗೆ ಮಾಡಿದ ಮೊದಲ ಪುಟ್ಟ ಎಂಜಿನ್. ನಿಘಂಟು ನೋಡಿ ಎರಡಕ್ಕೂ ‘ಮೂಲಮಾದರಿ’ ಅಂತ ಬರೆದರೆ ಓದುವವರ ಗತಿ ಏನು? ‘ಮೂಲಮಾದರಿಯನ್ನು ಅಳೆದು ಮೂಲಮಾದರಿ ಮಾಡಿದರು’ ಅಂತಾಗುತ್ತದೆ.

ನಾನು ಸದ್ಯಕ್ಕೆ ದೊಡ್ಡದಕ್ಕೆ ‘ಅಸಲು’ ಅಂತ ಬರೆಯುತ್ತಿದ್ದೇನೆ. ಅಸಲು ಎಂಜಿನ್, ಅಸಲಿನ ಅಳತೆ. ಓದಲು ಹಗುರಾಗಿದೆ. ಬಡ್ಡಿ ಅಸಲಿನ ನೆನಪು ಬರುತ್ತದೆ ಅಂತ ಒಬ್ಬರು ನಕ್ಕರು. ಬರಲಿ ಬಿಡಿ. ಚಿಕ್ಕದಕ್ಕೆ ‘ಪಡಿಯಚ್ಚು’ ಹೇಗೆ? ‘ಮಗಳು ಅಮ್ಮನ ಪಡಿಯಚ್ಚು’ ಅನ್ನುತ್ತೇವಲ್ಲ, ಅಲ್ಲಿ ಮಗಳು ಅಮ್ಮನಷ್ಟೇ ಎತ್ತರ ಇರಬೇಕಾಗಿಲ್ಲ. ರೂಪ ಒಂದೇ, ಗಾತ್ರ ಸಣ್ಣದು. ನಮಗೆ ಬೇಕಾದ ಅರ್ಥ ಸರಿಯಾಗಿ ಕೂತಿದೆ. (‘ಆಟಿಕೆ’ ಅಂತ ಮಾತ್ರ ಸೂಚಿಸಬೇಡಿ. ಹವ್ಯಾಸದವರು ಮುಖ ಊದಿಸಿಕೊಳ್ಳುತ್ತಾರೆ.)

ಪಡಿಯಚ್ಚಿನ ಬಗ್ಗೆ ಒಂದು ಅನುಮಾನವೂ ಇದೆ. ನಮ್ಮಲ್ಲಿ ಎಲ್ಲವೂ ಅಷ್ಟು ಪ್ರಾಮಾಣಿಕವಲ್ಲ. ಅಸಲು ರೈಲಿನಲ್ಲಿ ಸ್ಟ್ಯಾಂಡರ್ಡ್ ಗೇಜ್ ಅಂದರೆ ಹಳಿಗಳ ನಡುವೆ 1435 ಮಿಲಿಮೀಟರ್. ಎಚ್‌ಒ ಅನ್ನುವ ಪುಟ್ಟ ರೈಲಿನ ಅಳತೆಯಲ್ಲಿ ಎಲ್ಲವೂ 87ರಲ್ಲಿ ಒಂದು ಪಾಲು, ಹಾಗಾಗಿ ಹಳಿ 16.5 ಮಿಲಿಮೀಟರ್. ಲೆಕ್ಕ ಸರಿ. ಬ್ರಿಟನ್ನಿನ ಅಸಲು ಎಂಜಿನ್‌ಗಳ ಮೈ ಯುರೋಪಿನವಕ್ಕಿಂತ ಸಣ್ಣದು. ಅವನ್ನು 87ರಲ್ಲಿ ಒಂದಕ್ಕೆ ಇಳಿಸಿದರೆ ಆ ಕಾಲದ ಮೋಟಾರ್ ಒಳಗೆ ಹಿಡಿಸುತ್ತಿರಲಿಲ್ಲ. ಅದಕ್ಕೆ ಮೈಯನ್ನು 76.2ರಲ್ಲಿ ಒಂದಕ್ಕೆ ಹಿಗ್ಗಿಸಿ, ಹಳಿಯನ್ನು ಮಾತ್ರ 16.5ರಲ್ಲೇ ಬಿಟ್ಟರು. ಇದು ಡಬಲ್ ಒ ಅನ್ನುವ ಅಳತೆ. ಲೆಕ್ಕದ ಪ್ರಕಾರ ಹಳಿ 18.83 ಮಿಲಿಮೀಟರ್ ಇರಬೇಕಿತ್ತು. ಎದುರಿನಿಂದ ನೋಡಿದರೆ ದೊಡ್ಡ ಮೈಯವರು ಕಾಲು ಜೋಡಿಸಿ ನಿಂತ ಹಾಗೆ ಕಾಣುತ್ತದೆ. ಇದನ್ನೂ ಪಡಿಯಚ್ಚು ಅನ್ನಬಹುದಾ? ನನ್ನ ಮಟ್ಟಿಗೆ ಅನ್ನಬಹುದು. ಅಮ್ಮನ ಪಡಿಯಚ್ಚು ಅನ್ನಿಸಿಕೊಂಡ ಮಗಳ ಕಾಲುಗಳನ್ನು ಯಾರೂ ಅಳೆದು ನೋಡುವುದಿಲ್ಲ.

ಇನ್ನು ‘ಹೊಸ’. ನಿಜವಾದ ಜಗಳ ಇರುವುದು ಇಲ್ಲಿ.

ಪುಟ್ಟ ಎಂಜಿನ್ನಿನ ಮೈ ಹೆಚ್ಚಾಗಿ ಪ್ಲಾಸ್ಟಿಕ್. ಉಕ್ಕಿನ ಅಚ್ಚಿನೊಳಗೆ ಕರಗಿದ ಪ್ಲಾಸ್ಟಿಕ್ ಅನ್ನು ಒತ್ತಡದಿಂದ ನುಗ್ಗಿಸಿ ತೆಗೆಯುತ್ತಾರೆ. ಅಡಿಯ ಚಾಸಿ ಸಾಮಾನ್ಯವಾಗಿ ಸತು ಬೆರೆಸಿದ ಲೋಹ, ಅದಕ್ಕೂ ಅಚ್ಚು ಬೇಕು. ಒಂದು ಎಂಜಿನ್ನಿಗೆ ಒಂದಲ್ಲ, ಹಲವು ಅಚ್ಚುಗಳು. ಖರ್ಚೆಲ್ಲ ಇರುವುದು ಅಲ್ಲಿ. ಒಮ್ಮೆ ಅಚ್ಚು ಕೊರೆದ ಮೇಲೆ ಅದರಿಂದ ಎಷ್ಟು ಬಣ್ಣದ, ಎಷ್ಟು ನಂಬರಿನ ಎಂಜಿನ್ ತೆಗೆದರೂ ಆಗುವ ಖರ್ಚು ಅದಕ್ಕೆ ಹೋಲಿಸಿದರೆ ಚಿಲ್ಲರೆ. ಹಾಗಾಗಿ ಪ್ರತಿ ವರ್ಷ ಕಂಪನಿಗಳು ಹೊರಡಿಸುವ ‘ಹೊಸ’ ಪಟ್ಟಿಯಲ್ಲಿ ನಿಜವಾಗಿಯೂ ಹೊಸ ಅಚ್ಚಿನವು ಕೆಲವೇ. ಉಳಿದವು ಹಳೆಯ ಅಚ್ಚಿಗೆ ಹೊಸ ಬಣ್ಣ, ಇಲ್ಲವೇ ಅಚ್ಚಿನ ಒಂದು ತುಂಡು ಬದಲಿಸಿ ಬೇರೆ ಚಿಮಣಿ ಕೂರಿಸಿದ್ದು. ಹವ್ಯಾಸದವರು ಪಟ್ಟಿ ಕೈಗೆ ಬಂದ ಕೂಡಲೇ ಮೊದಲು ಹುಡುಕುವುದು ಆ ಕೆಲವನ್ನು.

ಜರ್ಮನ್ನರು ಇದಕ್ಕೆ ಒಳ್ಳೆಯ ಪದ ಮಾಡಿಕೊಂಡಿದ್ದಾರೆ, ‘ಫಾರ್ಮ್‌ನೊಯ್‌ಹೈಟ್’. ‘ಫಾರ್ಮ್’ ಅಂದರೆ ಅವರಲ್ಲಿ ರೂಪವೂ ಹೌದು, ಅಚ್ಚೂ ಹೌದು. ಉಳಿದದ್ದು ಹೊಸತನ. ಬಣ್ಣ ಮಾತ್ರ ಬದಲಾದರೆ ‘ಫಾರ್ಬ್‌ವೇರಿಯಾಂಟೆ’, ಬಣ್ಣಭೇದ. ಎರಡನ್ನೂ ಒಂದೇ ಚೀಲಕ್ಕೆ ಹಾಕುವುದಿಲ್ಲ.

ಕನ್ನಡಕ್ಕೆ ಇದು ಇನ್ನೂ ಸುಲಭ ಅನ್ನಿಸುತ್ತದೆ, ಯಾಕೆಂದರೆ ನಮ್ಮ ಪುಸ್ತಕದವರು ಈ ದಾರಿಯನ್ನು ಆಗಲೇ ತುಳಿದಿದ್ದಾರೆ. ಅಚ್ಚು, ಅಚ್ಚುಕೂಟ, ಅಚ್ಚಿಗೆ ಹೋಯಿತು. ಮೊದಲ ಮುದ್ರಣ, ಮರುಮುದ್ರಣ, ತಿದ್ದಿದ ಮುದ್ರಣ. ಮರುಮುದ್ರಣವನ್ನು ಯಾವ ಓದುಗರೂ ಹೊಸ ಪುಸ್ತಕ ಅಂತ ತಪ್ಪು ತಿಳಿಯುವುದಿಲ್ಲ. ಅದೇ ಜಾಡಿನಲ್ಲಿ ‘ಹೊಸಅಚ್ಚು’, ‘ತಿದ್ದಚ್ಚು’, ‘ಮರುಅಚ್ಚು’ ಅಂದರೆ ಹೇಗೆ? ‘ಮೊಸಳೆ ಈ ಸಲ ಹೊಸಅಚ್ಚಿನಲ್ಲಿ ಬರುತ್ತಿದೆ’ ಅಂದರೆ ನನ್ನ ಗೆಳೆಯರ ಎರಡನೇ ಪ್ರಶ್ನೆ ಏಳುವುದೇ ಇಲ್ಲ. ‘ಮರುಅಚ್ಚು’ ಬಾಯಲ್ಲಿ ಸ್ವಲ್ಪ ತಡವರಿಸುತ್ತದೆ. ‘ಮರಚ್ಚು’ ಅಂತ ಸಂಧಿ ಮಾಡೋಣ ಅಂದರೆ ಮರ ಕಾಣುತ್ತದೆ. ಇದಕ್ಕೆ ನಿಮ್ಮ ಸಲಹೆ ಬೇಕು.

ಒಂದು ತೊಡಕಿದೆ. ‘ಅಚ್ಚು’ ಅಂದರೆ ಗಾಡಿಯ ಎರಡು ಗಾಲಿಗಳ ನಡುವಿನ ದಂಡವೂ ಹೌದು. ಬೇರೆ ಯಾವ ವಿಷಯದಲ್ಲೂ ಇದು ಅಡ್ಡ ಬರುತ್ತಿರಲಿಲ್ಲ. ಎಂಜಿನ್ನಿನ ಬಗ್ಗೆ ಬರೆಯುವಾಗಲೇ ಬರಬೇಕಾ! ‘ಹೊಸ ಅಚ್ಚು ಹಾಕಿದ್ದಾರೆ’ ಅಂದರೆ ಮೈ ಹೊಸದಾ, ಗಾಲಿಯ ದಂಡ ಹೊಸದಾ? ದಂಡಕ್ಕೆ ‘ಆಕ್ಸಲ್’ ಅಂತಲೇ ಇಟ್ಟುಕೊಂಡು ‘ಅಚ್ಚು’ ಪದವನ್ನು ಪೂರ್ತಿ ಇನ್ನೊಂದಕ್ಕೆ ಬಿಟ್ಟುಕೊಡುವುದು ವಾಸಿ ಅಂತ ನನ್ನ ಅನಿಸಿಕೆ.

ಬಣ್ಣಕ್ಕೂ ಒಂದು ಪದ ಬೇಕು. ಬಣ್ಣ ಅಂದರೆ ಬರೀ ಬಣ್ಣವಲ್ಲ. ಯಾವ ರೈಲ್ವೆ, ಯಾವ ಕಾಲ, ಯಾವ ಲಾಂಛನ, ಯಾವ ಪಟ್ಟಿ, ಅಕ್ಷರ ಯಾವ ನಮೂನೆ, ಎಲ್ಲ ಸೇರಿ ಒಂದು. ಇಂಗ್ಲಿಷಿನ ‘ಲಿವರಿ’ ಮೊದಲು ದೊಡ್ಡ ಮನೆತನಗಳ ಆಳುಗಳಿಗೆ ಕೊಡುತ್ತಿದ್ದ ಉಡುಪಿನ ಹೆಸರು. ಆ ಜಾಡು ಹಿಡಿದರೆ ನಮ್ಮಲ್ಲಿ ‘ಪೋಷಾಕು’ ಕಾದು ನಿಂತಿದೆ. ‘ಹಳೆ ಅಚ್ಚು, ಹೊಸ ಪೋಷಾಕು’. ಇದು ನನಗೆ ಅಚ್ಚುಮೆಚ್ಚು. ಒಂದು ಅಸಲು ಎಂಜಿನ್ ತನ್ನ ಬಾಳಿನಲ್ಲಿ ಎಷ್ಟು ಪೋಷಾಕು ತೊಟ್ಟಿತ್ತು ಅನ್ನುವುದರ ಮೇಲೆ ಅದರ ಪಡಿಯಚ್ಚು ಬರುವ ಅವಕಾಶ ಇದೆ. ಜಾಸ್ತಿ ಪೋಷಾಕು ಇದ್ದರೆ ಒಂದೇ ಅಚ್ಚಿನಿಂದ ಹಲವು ವರ್ಷ ಮಾರಬಹುದು. ಹಾಗಂತ ಒಂಟಿ ಎಂಜಿನ್‌ಗಳನ್ನು ಆಸೆಪಡುವವರು ಸೋತೇ ಬಿಡಬೇಕು ಅಂತಿಲ್ಲ. 1929ರಲ್ಲಿ ಬ್ರಿಟನ್ನಿನ ಎಲ್‌ಎನ್‌ಇಆರ್ ರೈಲ್ವೆ ಡಬ್ಲ್ಯು1 ಅಂತ ಒಂದೇ ಒಂದು ಎಂಜಿನ್ ಕಟ್ಟಿತು. ಗುಟ್ಟಾಗಿ ಕಟ್ಟಿದ್ದಕ್ಕೆ ಅದಕ್ಕೆ ‘ಹಷ್-ಹಷ್’ ಅಂತ ಅಡ್ಡಹೆಸರು. ಒಂದೇ ಇದ್ದರೂ ಹಾರ್ನ್‌ಬಿ ಕಂಪನಿ ಅದರ ಪಡಿಯಚ್ಚು ಮಾಡಿತು. (ಈ ಅಡ್ಡಹೆಸರನ್ನು ‘ಗುಸುಗುಸು’ ಅಂತ ಕನ್ನಡಕ್ಕೆ ತಂದಿದ್ದೇನೆ. ಮೊಸಳೆ ಸಲೀಸಾಗಿ ಬಂದಿತ್ತು, ಗುಸುಗುಸುವೂ ಬಂತು. ಅಮೆರಿಕದ ‘ಬಿಗ್ ಬಾಯ್’ ಮಾತ್ರ ಬರಲೊಲ್ಲದು. ‘ದೊಡ್ಡ ಹುಡುಗ’ ಅಂತ ಬರೆದು ನೋಡಿ, ನಿಮಗೇ ನಗು ಬರುತ್ತದೆ.)

ಮೂರನೆಯದು ‘ಬಿಡುಗಡೆ’. ಸಿನಿಮಾ ಬಿಡುಗಡೆ, ಪುಸ್ತಕ ಬಿಡುಗಡೆ, ಹಣ ಬಿಡುಗಡೆ, ನೀರು ಬಿಡುಗಡೆ, ಕೈದಿಯ ಬಿಡುಗಡೆ. ಎಲ್ಲ ಕಡೆಯೂ ವಸ್ತು ಆಗಲೇ ಇದೆ, ತಡೆದಿಟ್ಟಿದ್ದನ್ನು ಹೊರಗೆ ಬಿಡುತ್ತಾರೆ. ಪುಟ್ಟ ರೈಲಿನ ಕಂಪನಿ ವರ್ಷದ ಮೊದಲಲ್ಲಿ ‘ಹೊಸ ಎಂಜಿನ್’ ಅಂತ ಸುದ್ದಿ ಕೊಟ್ಟಾಗ ಎಷ್ಟೋ ಸಲ ಇರುವುದು ಕಂಪ್ಯೂಟರಿನ ಒಂದು ಚಿತ್ರ. ಆಮೇಲೆ ಅಚ್ಚು ಕೊರೆಯಬೇಕು, ಪರೀಕ್ಷೆಯ ತುಂಡು ತೆಗೆಯಬೇಕು, ತಪ್ಪು ತಿದ್ದಬೇಕು, ಪೋಷಾಕಿನ ನಮೂನೆ ಒಪ್ಪಬೇಕು, ಕಾರ್ಖಾನೆಯಲ್ಲಿ ಸರದಿ ಬರಬೇಕು, ಹಡಗು ಹತ್ತಬೇಕು. ಎರಡು ವರ್ಷ ಹಿಡಿದರೆ ಯಾರೂ ಹುಬ್ಬೇರಿಸುವುದಿಲ್ಲ. ನ್ಯೂರೆಂಬರ್ಗಿನ ಆಟಿಕೆ ಮೇಳದಲ್ಲಿ (1950ರಿಂದ ನಡೆಯುತ್ತಿದೆ) ಗಾಜಿನೊಳಗೆ ಇಟ್ಟಿದ್ದನ್ನು ಕಂಡು ಬಂದವರು ಕೂಡ ಅದನ್ನು ಕೈಯಲ್ಲಿ ಹಿಡಿಯಲು ಕಾಯಬೇಕು.

ಹಾಗಾಗಿ ಸುದ್ದಿಗೆ ಒಂದು ಪದ, ಕೈಗೆ ಬಂದದ್ದಕ್ಕೆ ಇನ್ನೊಂದು ಬೇಕು. ಎರಡನೆಯದಕ್ಕೆ ‘ಬಿಡುಗಡೆ’ಯೇ ಸರಿ. ಮೊದಲನೆಯದಕ್ಕೆ ‘ಘೋಷಣೆ’ ಅಂದರೆ ಮೆರವಣಿಗೆಯ ಕೂಗು ಕೇಳಿಸುತ್ತದೆ. ‘ಪ್ರಕಟಣೆ’ ಸಪ್ಪೆ, ಆದರೆ ತಪ್ಪಿಲ್ಲ. ಗೆಳೆಯರು ಮಾತಿನಲ್ಲಿ ಅನ್ನುವುದು ‘ಸುದ್ದಿ ಬಿಟ್ಟಿದ್ದಾರೆ’ ಅಂತ. ಅಲ್ಲೂ ‘ಬಿಡು’ ಇದೆ ನೋಡಿ. ಸುದ್ದಿಯನ್ನು ಬಿಟ್ಟರು, ಎಂಜಿನ್ ಬಿಡಲಿಲ್ಲ. ಬರವಣಿಗೆಗೆ ಇದು ಆಗುತ್ತದಾ, ಅಥವಾ ಗಾಳಿಸುದ್ದಿ ಅನ್ನುವ ಹಾಗೆ ಕೇಳುತ್ತದಾ?

‘ಪ್ರೀ-ಆರ್ಡರ್’ಗೆ ‘ಮುಂಗಡ’ ಬೇಡ. ಎಷ್ಟೋ ಕಡೆ ದುಡ್ಡು ಕೊಡದೆಯೇ ಹೆಸರು ಬರೆಸಬಹುದು. ‘ಕಾಯ್ದಿರಿಸು’ ಸಾಕು. ಅದರಲ್ಲಿ ಕಾಯುವುದೂ ಇದೆ, ನಮ್ಮ ಸ್ಥಿತಿಗೆ ಹೇಳಿ ಮಾಡಿಸಿದ್ದು.

ಇಷ್ಟೆಲ್ಲ ಕೇಳಿದ ಮೇಲೆ ಒಂದು ಖುಷಿಯ ವಿಷಯ. ಆಸೆಯನ್ನು ಹೇಳುವುದಕ್ಕೆ ನಾನು ಪದ ಹುಡುಕುತ್ತಿದ್ದೆ. ಬಯಕೆಪಟ್ಟಿ, ನಿರೀಕ್ಷೆ, ಹಂಬಲ, ಹಾರೈಕೆ. ‘ನಿರೀಕ್ಷೆ’ಗೆ ಏನಾದರೂ ಆಧಾರ ಇರಬೇಕು. ಅಸಲು ಎಂಜಿನ್ನಿಗೆ ನೂರು ತುಂಬುತ್ತಿದೆ, ಅಥವಾ ಅದು ಇನ್ನೂ ಮ್ಯೂಸಿಯಮ್ಮಿನಲ್ಲಿ ಉಳಿದಿದೆ, ಲೇಸರ್ ಹಿಡಿದು ಅಳೆಯಬಹುದು, ಹೀಗೆ. 1923ರಲ್ಲಿ ಕಟ್ಟಿದ ಬ್ರಿಟನ್ನಿನ ಎಂಜಿನ್ ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ಗೆ 2023ರಲ್ಲಿ ನೂರು ತುಂಬಿದಾಗ ಅದರ ಪಡಿಯಚ್ಚುಗಳು ಬಂದದ್ದು ನಿರೀಕ್ಷೆಯಂತೆಯೇ. ಆಧಾರವೇ ಇಲ್ಲದ್ದು ‘ಆಸೆ’. ಇವೆರಡರ ನಡುವೆ ಇರುವುದಕ್ಕೆ ಪದ ಬೇಕಾಗಿತ್ತು. ಅದು ಸಿಕ್ಕಿದ್ದು ಕ್ರಿಯಾಪದದ ಬಾಲದಲ್ಲಿ.

‘ಬಂದೀತು.’ ‘ಮಾಡಿಯಾರು.’ ‘ಈ ಸಲ ನಮ್ಮ ಅಳತೆಯಲ್ಲೂ ತಂದಾರು.’ ಶಾಲೆಯಲ್ಲಿ ಸಂಭಾವನಾರ್ಥಕ ಅಂತ ಕಲಿತು ಮರೆತಿದ್ದು. ‘ಬರುತ್ತದೆ’ ಅಂದರೆ ನಾನು ಹೊಣೆ ಹೊರಬೇಕು. ‘ಬರಬಹುದು’ ಅಂದರೆ ತಣ್ಣಗಾಯಿತು. ‘ಬಂದೀತು’ ಅಂದಾಗ ಹೇಳುವವರ ಕಣ್ಣು ಬಾಗಿಲ ಕಡೆ ಇರುತ್ತದೆ. ಇದೇ ರೂಪ ಎಚ್ಚರಿಕೆಗೂ ಬರುತ್ತದೆ, ‘ಬಿದ್ದೀಯ, ಜೋಕೆ’ ಅನ್ನುವ ಹಾಗೆ. ಹವ್ಯಾಸಕ್ಕೆ ಎರಡೂ ಬೇಕು. ‘ಹೊಸಅಚ್ಚಿನ ಮೊಸಳೆ ಬಂದೀತು, ಅದರ ಬೆಲೆ ನಮ್ಮ ಕೈ ಸುಟ್ಟೀತು.’ ಈ ರೂಪ ಮಾತಿನಲ್ಲಿ ಕಡಿಮೆಯಾಗುತ್ತಿದೆ ಅಂತ ನನಗೆ ಅನ್ನಿಸಿದೆ. ನಿಮ್ಮ ಕಡೆಯ ಮಾತಿನಲ್ಲಿ ಇನ್ನೂ ಇದೆಯಾ, ದಯವಿಟ್ಟು ತಿಳಿಸಿ.

ನನ್ನ ವಾಕ್ಯ ಈಗ ಹೀಗಿದೆ: ‘ಮೊಸಳೆಯ ಹೊಸಅಚ್ಚಿನ ಪಡಿಯಚ್ಚು ಬರುವ ಸುದ್ದಿ ಬಿಟ್ಟಿದ್ದಾರೆ, ಎರಡು ವರ್ಷದಲ್ಲಿ ಬಿಡುಗಡೆಯಾದೀತು.’ ಒಂದೇ ಉಸಿರಿನಲ್ಲಿ ಎರಡು ಅಚ್ಚು. ಚೆನ್ನಾಗಿಲ್ಲ, ಗೊತ್ತು. ‘ಪಡಿಯಚ್ಚು’ ಬದಲು ಬೇರೆ ಪದ ಕೊಡುವವರಿದ್ದರೆ ಕೊಡಿ, ತಕ್ಷಣ ಬದಲಿಸುತ್ತೇನೆ.

ಕಡೆಯದಾಗಿ ಒಂದು. ಅಚ್ಚಿನಿಂದ ಮೊಟ್ಟಮೊದಲು ಹೊರಬಂದ, ಬಣ್ಣ ಬಳಿಯದ, ಹೆಚ್ಚಾಗಿ ಬೂದುಬಣ್ಣದ ಮೈಯ ಫೋಟೋವನ್ನು ಕಂಪನಿಗಳು ಹಾಕುತ್ತವೆ. ಹವ್ಯಾಸದವರು ರಿವೆಟ್ಟುಗಳನ್ನು ಎಣಿಸಿ ತಪ್ಪು ಹುಡುಕುವುದು ಅದರಲ್ಲೇ. ಅದಕ್ಕೆ ‘ಬೋಳು ಎರಕ’ ಅಂತ ಹೆಸರಿಟ್ಟಿದ್ದೇನೆ. ಆದರೆ ನಾನು ಕೇಳಿದ ಕಡೆಯೆಲ್ಲ ‘ಎರಕ’ ಲೋಹಕ್ಕೇ ಅಂಟಿಕೊಂಡಿದೆ. ಪ್ಲಾಸ್ಟಿಕ್ಕಿಗೂ ಎರಕ ಹೊಯ್ದರು ಅನ್ನಬಹುದಾ? ಕಾರ್ಖಾನೆಯಲ್ಲಿ ಅಚ್ಚಿನ ಕೆಲಸ ಮಾಡಿದವರು ಯಾರಾದರೂ ಇಲ್ಲಿದ್ದರೆ, ಅಲ್ಲಿ ಏನನ್ನುತ್ತೀರಿ ಅಂತ ಹೇಳಿ.