ಅಪ್‌ಡೇಟ್: ಕಡೀಗೆ ನಿಕಾನ್ ಡಿ3500 ಕ್ಯಾಮೆರಾ ತಗೊಂಡೀನ್ರಿ

ಮೊದಲನೇ ಡಿಎಸ್‌ಎಲ್‌ಆರ್ (ಒಳಗ ಕನ್ನಡಿ ಇರೋ, ಲೆನ್ಸ್ ಬದಲಿಸೋ ಕ್ಯಾಮೆರಾ) ಕ್ಯಾನನ್ 1500ಡಿ ತಗೋಲೋ ನಿಕಾನ್ ಡಿ3500 ತಗೋಲೋ ಅಂತ ಕೇಳಿದ್ನಲ್ರಿ, ಕಡೀಗೆ ನಿಕಾನ್ ತಗೊಂಡೀನಿ, ಸೆಕೆಂಡ್ ಹ್ಯಾಂಡ್. ಎರಡೂ 24 ಮೆಗಾಪಿಕ್ಸೆಲ್‌ದ್ದೇ, ಫೋಟೋದಾಗ ಭಾಳ ಫರಕ್ ಏನಿಲ್ಲ, ಆದ್ರ ಇದು ಕೈಯಾಗ ಗಟ್ಟಿ ಕೂಡ್ತದ, ಬ್ಯಾಟರಿನೂ ಮಸ್ತ್, ಕಂಪನಿ ಲೆಕ್ಕದಾಗ ಒಂದು ಚಾರ್ಜಿಗೆ 1,550 ಫೋಟೋ. ಮಿರರ್‌ಲೆಸ್ (ಒಳಗ ಕನ್ನಡಿ ಇಲ್ಲದ ಕ್ಯಾಮೆರಾ) ತಗೋ ಅಂದವ್ರ ಮಾತು ಖರೇನ ಅದ, ಬಜೆಟ್ ಒಪ್ಪಲಿಲ್ಲ ಅಷ್ಟ.

ಶಟರ್ ಕೌಂಟ್ (ಕ್ಯಾಮೆರಾ ಇಲ್ಲೀತನ ಎಷ್ಟು ಫೋಟೋ ಹೊಡ್ದದ ಅನ್ನೋ ಲೆಕ್ಕ) ನೋಡು ಅಂದಿದ್ರಿ, ಮಾರೋ ಅಣ್ಣನ ಮುಂದನ ಒಂದು ಫೋಟೋ ಹೊಡ್ದು ಅದರ ಎಕ್ಸಿಫ್ (ಫೋಟೋ ಫೈಲಿನಾಗ ಅಡಗಿರೋ ಮಾಹಿತಿ) ತಗದು ನೋಡ್ದೆ, ಒಂಬತ್ತು ಸಾವಿರದ ಆಸುಪಾಸು ಇತ್ತು, ಶಟರ್ 1 ಲಕ್ಷ ಫೋಟೋಕ್ಕ ಟೆಸ್ಟ್ ಆಗಿರೋದು, ಚಿಂತಿ ಇಲ್ಲ. ಲೆನ್ಸ್ ಒಳಗ ಮೊಬೈಲ್ ಟಾರ್ಚ್ ಬಿಟ್ಟು ಫಂಗಸ್ ಐತೇನಂತನೂ ನೋಡ್ದೆ.

ವಿಜಯಪುರದ ಇಬ್ರಾಹಿಂ ರೋಜಾದಾಗ ಮುಂಜಾನಿ ಬಿಸಿಲಿಗೆ ಆ ಕಲ್ಲಿನ ಜಾಲಿ ಕಿಟಕಿ ಹೊಡ್ದೀನಿ, ಕೊರೆದಿರೋ ಅಕ್ಷರದ ಅಂಚು ಕಿಟ್ ಲೆನ್ಸಿನಾಗೂ (ಕ್ಯಾಮೆರಾ ಜೋಡಿ ಬರೋ 18-55 ಎಂಎಂ ಲೆನ್ಸ್) ಚೊಕ್ಕ ಬಂದಾವ. ಗೋಳಗುಮ್ಮಟದ ಒಳಗ ಮಾತ್ರ ಬೆಳಕು ಕಮ್ಮಿ, ಬ್ಯಾರೇ ಕಥಿ ನೋಡ್ರಿ. 18-55 ಪೂರ್ತಿ ಝೂಮ್ ಮಾಡಿದ್ರ ಎಫ್ 5.6ಕ್ಕ ನಿಂತುಬಿಡ್ತದ (ಎಫ್ ನಂಬರ್ ದೊಡ್ಡದಾದಷ್ಟೂ ಒಳಗ ಬರೋ ಬೆಳಕು ಕಮ್ಮಿ), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ಕ್ಕ ಏರಿಸಿದ್ರ ತಮ್ಮನ ಮಾರಿ ತುಂಬ ರವಾ ಚೆಲ್ಲಿದಂಗ. ಅದಕ್ಕ ಮುಂದ 35 ಎಂಎಂ ಎಫ್ 1.8ಜಿ ಲೆನ್ಸ್ ತಗೋಬೇಕಂತ ಮಾಡೀನಿ, ಎಫ್ 5.6ಕ್ಕಿಂತ ಬೆಳಕು ಹತ್ತತ್ರ ಹತ್ತು ಪಟ್ಟು ಒಳಗ ಬರ್ತದ.

50 ಎಂಎಂ ಎಫ್ 1.8ಡಿ ಲೆನ್ಸ್ ಅಗ್ಗ ಸಿಗ್ತದ ತಗೋ ಅಂದವ್ರೇ, ಈ ಬಾಡಿಯೊಳಗ ಫೋಕಸ್ ಮೋಟರ್ ಇಲ್ರಿ, ಅದನ್ನ ಹಾಕಿದ್ರ ಪ್ರತಿ ಸಲ ಕೈಲೇನ ತಿರುವಬೇಕು. ಓಡ್ಯಾಡೋ ಹುಡುಗರ ಫೋಟೋ ಅದ್ರಾಗ ಆಗೂದಿಲ್ಲ ಬಿಡ್ರಿ.