ವಾಷರ್ ಹೊಡೆದರೆ ಗಾಜು ಇನ್ನೂ ಮಬ್ಬಾಗುತ್ತದೆ, ಟ್ಯಾಂಕಿಗೆ ಏನು ಹಾಕಬೇಕು? (ಕಲಬುರಗಿ)

ಸೇಡಂ ರೋಡ್:

ನಮಸ್ಕಾರ ಎಲ್ಲರಿಗೂ. ನನ್ನದು ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಕೆಲಸಕ್ಕೆ ಕಲಬುರಗಿಯಿಂದ ಮಳಖೇಡ ಕಡೆ ದಿನಾ ಓಡಾಟ. ದಾರಿಯುದ್ದಕ್ಕೂ ಸಿಮೆಂಟ್ ಲಾರಿ, ಧೂಳು, ನಿಮಗೆ ಗೊತ್ತೇ ಇದೆ. ವಾಷರ್ ಹೊಡೆದು ವೈಪರ್ ಹಾಕಿದರೆ ಗಾಜು ಸ್ವಚ್ಛ ಆಗಬೇಕು ತಾನೇ? ಇಲ್ಲಿ ಉಲ್ಟಾ. ಹಸಿ ಇರುವ ತನಕ ಚೆನ್ನಾಗಿ ಕಾಣುತ್ತದೆ. ಒಣಗಿದ ಮೇಲೆ ವೈಪರ್ ಓಡಿದ ಜಾಗ ಪೂರ್ತಿ ಬಿಳಿ ಮಬ್ಬು. ರಾತ್ರಿ ಎದುರಿಗೆ ಲಾರಿ ಲೈಟ್ ಬಿದ್ದರೆ ರಸ್ತೆಯೇ ಕಾಣುವುದಿಲ್ಲ. ಎಡಗಡೆ ನಾಜಲ್ ಬೇರೆ ಕೈಕೊಟ್ಟಿದೆ, ಹಾರುವ ಬದಲು ಬಾನೆಟ್ ಮೇಲೆ ಸೋರುತ್ತದೆ.

ಟ್ಯಾಂಕಿಗೆ ಹಾಕುವುದು ಮನೆಯ ಬೋರ್ ನೀರು, ಜೊತೆಗೆ ತಲೆಗೆ ಹಚ್ಚುವ ಶಾಂಪೂ ಒಂದು ಪಾಕೀಟು. ವೈಪರ್ ಬ್ಲೇಡ್ ಹೊಸದು. ಅಂಗಡಿಯಲ್ಲಿ ನೀಲಿ, ಹಸಿರು, ಗುಲಾಬಿ ಎಲ್ಲಾ ಬಣ್ಣದ ಬಾಟಲಿ ಇವೆ. ಯಾವುದು ತಗೊಳ್ಳಲಿ?

ಭೀಮಾ ದಂಡೆ:

ಸುಮ್ನೆ ಯಾಕೆ ದುಡ್ಡು ಹಾಕ್ತೀರಿ ಸರ್. ಶಾಂಪೂ ಬಿಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಹಾಕಿ. ಜಿಡ್ಡು ಎಲ್ಲಾ ಹೋಗುತ್ತದೆ.

ಹತ್ತು-ಹನ್ನೊಂದು ಪಾನಾ:

ಜಿಡ್ಡು ಹೋಗುತ್ತದೆ, ನೊರೆ ಉಳಿಯುತ್ತದೆ. ಪಾತ್ರೆಯನ್ನು ಆಮೇಲೆ ನೀರಿನಲ್ಲಿ ತೊಳೆಯುತ್ತೇವೆ, ಓಡುವ ಗಾಡಿಯ ಗಾಜನ್ನು ಯಾರು ತೊಳೆಯುತ್ತಾರೆ?

ಸೇಡಂ ರೋಡ್ ಅವರೇ, ಬಾಟಲಿ ಆಮೇಲೆ ನೋಡೋಣ. ಮೊದಲು ನೀರು ಬದಲಿಸ್ರಿ. ನಮ್ಮ ಕಡೆ ನೆಲದಡಿ ಸುಣ್ಣದ ಕಲ್ಲು. ಶಹಾಬಾದ್ ಕಲ್ಲು ಸಿಗುವುದೂ ಅದರಿಂದಲೇ, ವಾಡಿ, ಮಳಖೇಡ, ಸೇಡಂಗಳಲ್ಲಿ ಸಿಮೆಂಟ್ ಕಾರ್ಖಾನೆ ಬಂದಿದ್ದೂ ಅದಕ್ಕೇ. ಬೋರ್ ನೀರು ಆ ಕಲ್ಲಿನ ಸಂದಿಯಿಂದ ಬರುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡೇ ಬರುತ್ತದೆ. ಗಾಜಿನ ಮೇಲೆ ನೀರು ಆರುತ್ತದೆ, ಅದರಲ್ಲಿದ್ದ ಉಪ್ಪು ಅಲ್ಲೇ ಕೂರುತ್ತದೆ. ಗೀಸರ್ ಕಾಯಿಲ್ ಬಿಚ್ಚಿದಾಗ ಬಿಳಿ ಹೆಕ್ಕಳಿಕೆ ಕಾಣುತ್ತದಲ್ವಾ, ಅದೇ ಇದು. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಇಟ್ಟಿರುವ ಗಡಸುತನದ, ಅಂದರೆ ಈ ಕರಗಿದ ಸುಣ್ಣದಂಶದ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 600ರ ತನಕ ನಡೆಯುತ್ತದೆ. ಅಂದರೆ ಕುಡಿಯಲು ಪಾಸಾದ ನೀರೂ ಗಾಜಿನ ಮೇಲೆ ಕಲೆ ಬಿಡಬಹುದು.

ಶಾಂಪೂ ಇದಕ್ಕೆ ಇನ್ನಷ್ಟು ಸೇರಿಸುತ್ತದೆ. ಕೂದಲು ನಯವಾಗಲಿ ಅಂತ ಎಷ್ಟೋ ಶಾಂಪೂಗಳಲ್ಲಿ ಸಿಲಿಕೋನ್ ಹಾಕಿರುತ್ತಾರೆ. ಅದು ಗಾಜಿನ ಮೇಲೆ ತೆಳುವಾಗಿ ಹರಡಿ ಧೂಳನ್ನು ಹಿಡಿದುಕೊಳ್ಳುತ್ತದೆ. ಬ್ಲೇಡ್ ಹೊಸದಾದರೂ ಆ ಪದರವನ್ನು ಅತ್ತಿಂದಿತ್ತ ಬಳಿಯುತ್ತದೆ ಅಷ್ಟೇ.

ನಂಬಿಕೆ ಬರದಿದ್ದರೆ ಒಂದು ಸ್ಟೀಲ್ ತಟ್ಟೆ ತಗೊಳ್ರಿ. ಒಂದು ಕಡೆ ಬೋರ್ ನೀರಿನ ಹನಿ, ಇನ್ನೊಂದು ಕಡೆ ಆರ್‌ಒ ನೀರಿನ ಹನಿ, ಮೂರನೆಯದು ಈಗ ಟ್ಯಾಂಕಿನಲ್ಲಿರುವ ನೀರು. ಬಿಸಿಲಿಗಿಟ್ಟು ಒಣಗಿಸಿ ನೋಡ್ರಿ.

ಸೇಡಂ ರೋಡ್:

ತಟ್ಟೆ ಇಟ್ಟು ನೋಡಿದೆ ಸರ್. ಆರ್‌ಒ ಹನಿ ಬಿದ್ದ ಜಾಗ ಹುಡುಕಬೇಕಾಯಿತು. ಬೋರ್ ನೀರಿನದು ಸುಣ್ಣದಲ್ಲಿ ಬರೆದ ಉಂಗುರ, ಉಗುರಿನಿಂದ ಕೆರೆದರೂ ಪೂರ್ತಿ ಹೋಗಲಿಲ್ಲ. ಟ್ಯಾಂಕಿನ ನೀರಿನದು ಅಂಟಂಟು, ನಡುವೆ ಬೂದು ಕಲೆ. ಈಗ ಗಾಜಿನ ಮೇಲೆ ಕೂತಿರುವುದನ್ನು ತೆಗೆಯುವುದು ಹೇಗೆ?

ಹತ್ತು-ಹನ್ನೊಂದು ಪಾನಾ:

ಬೆಳಿಗ್ಗೆ ಗಾಜು ತಣ್ಣಗಿರುವಾಗ, ನೆರಳಲ್ಲಿ ಮಾಡ್ರಿ. ಮೊದಲು ಜಾಸ್ತಿ ನೀರು ಸುರಿದು ಧೂಳು ಇಳಿಸಿ. ಸಿಮೆಂಟ್ ಧೂಳಿನ ಮೇಲೆ ಒಣ ಬಟ್ಟೆ ಉಜ್ಜಿದರೆ ಗೀರು ಬೀಳುತ್ತದೆ, ಆ ಗೀರು ಯಾವ ಲಿಕ್ವಿಡ್‌ಗೂ ಹೋಗುವುದಿಲ್ಲ. ಆಮೇಲೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ. ಅರಿವೆ ಅದ್ದಿ, ಹಿಂಡಿ, ಗಾಜಿಗೆ ಐದು ನಿಮಿಷ ಅಂಟಿಸಿಡಿ. ಸುಣ್ಣ ಮೆತ್ತಗಾಗುತ್ತದೆ. ಒರೆಸಿ, ಮತ್ತೆ ನೀರು ಸುರಿದು ಚೆನ್ನಾಗಿ ತೊಳೆಯಿರಿ. ಬಣ್ಣದ ಮೇಲೆ, ಕ್ರೋಮ್ ಮೇಲೆ ವಿನೆಗರ್ ಉಳಿಯಬಾರದು. ವಿನೆಗರ್ ಸಿಗದಿದ್ದರೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ನೀರಿಗೆ ಹಾಕಿಕೊಂಡರೂ ನಡೆಯುತ್ತದೆ. ಹೇಗೂ ಒಳ್ಳೆಯದಲ್ವಾ ಅಂತ ಇದನ್ನೇ ವಾಷರ್ ಟ್ಯಾಂಕಿಗೆ ಹಾಕಬೇಡಿ. ಬಾನೆಟ್ ಬಣ್ಣದ ಮೇಲೆ ದಿನಾ ಹುಳಿ ಬೀಳುತ್ತದೆ.

ವರ್ಷಗಟ್ಟಲೆ ಕೂತ ಕಲೆ ಗಾಜನ್ನೇ ತಿಂದಿರುತ್ತದೆ. ಅದು ವಿನೆಗರ್‌ಗೆ ಬಗ್ಗುವುದಿಲ್ಲ. ಸೀರಿಯಂ ಆಕ್ಸೈಡ್ ಪುಡಿಯಲ್ಲಿ ಪಾಲಿಶ್ ಮಾಡಿಸಬೇಕು.

ಬ್ಲೇಡಿನ ರಬ್ಬರ್ ಅಂಚನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ. ಕಪ್ಪು ಬರುವುದು ನಿಲ್ಲುವ ತನಕ.

ಇನ್ನು ಬಾಟಲಿ. ಬಣ್ಣಕ್ಕೆ ಮರುಳಾಗಬೇಡಿ, ಲೇಬಲ್ ಓದಿ. ಕೆಲವು ಹಾಗೇ ಸುರಿಯುವಂಥವು, ಕೆಲವು ಗಟ್ಟಿ, ನೀರು ಬೆರೆಸಬೇಕು. ಗಟ್ಟಿಯದೇ ಅಗ್ಗ, ಆದರೆ ಬೆರೆಸುವುದು ಆರ್‌ಒ ನೀರು ಅಥವಾ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಇರಲಿ. ಬೋರ್ ನೀರು ಬೆರೆಸಿದರೆ ಎಷ್ಟು ದುಬಾರಿ ಬಾಟಲಿಯಾದರೂ ವ್ಯರ್ಥ. ಲೇಬಲ್‌ನಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ಸುರಿದರೆ ಅದೂ ಮಬ್ಬಾಗುತ್ತದೆ. ಅಮೋನಿಯಾ ಇಲ್ಲದ್ದು ತಗೊಳ್ಳಿ. ಮೈನಸ್ 20 ಡಿಗ್ರಿಗೂ ಹೆಪ್ಪುಗಟ್ಟುವುದಿಲ್ಲ ಅಂತ ಬರೆದಿದ್ದರೆ ಅದು ಹಿಮ ಬೀಳುವ ಊರಿನವರಿಗೆ. ಅಂಥವುಗಳಲ್ಲಿ ಮೆಥನಾಲ್ ಇರಬಹುದು, ಅದು ವಿಷ. ಮೇ ತಿಂಗಳಲ್ಲಿ 43 ಡಿಗ್ರಿ ಕಾಣುವ ನಮಗೆ ಅದು ಯಾಕೆ? ನೀರು ನಿಲ್ಲದೆ ಜಾರುತ್ತದೆ ಅನ್ನುವ ಪದರದ ಲಿಕ್ವಿಡ್ ನನಗೆ ಇಷ್ಟವಿಲ್ಲ. ಎಷ್ಟೋ ಗಾಡಿಗಳಲ್ಲಿ ಅದನ್ನು ಹಾಕಿದ ಮೇಲೆ ವೈಪರ್ ಗಡಗಡ ಅನ್ನುತ್ತದೆ.

ಭೀಮಾ ದಂಡೆ:

ಹಾಗಾದರೆ ಬರೀ ಆರ್‌ಒ ನೀರು ಸಾಕಲ್ವಾ ಸರ್?

ಹತ್ತು-ಹನ್ನೊಂದು ಪಾನಾ:

ಕಲೆ ಬೀಳುವುದಿಲ್ಲ, ಆ ಮಟ್ಟಿಗೆ ಸಾಕು. ಎಣ್ಣೆ ಜಿಡ್ಡು, ಹುಳದ ರಸ ಹೋಗುವುದಿಲ್ಲ. ಬಿಸಿಯಲ್ಲಿ ನಿಂತ ಬರೀ ನೀರಿನಲ್ಲಿ ಪಾಚಿ, ಬ್ಯಾಕ್ಟೀರಿಯಾ ಬೆಳೆಯುತ್ತವೆ. ವಾಷರ್‌ಗೆ ಬರೀ ನೀರು ಹಾಕುವವರಿಗೆ ಲೀಜನೇರ್ಸ್ ಅನ್ನುವ ನ್ಯುಮೋನಿಯಾದ ಅಪಾಯ ಜಾಸ್ತಿ ಅಂತ 2010ರಲ್ಲಿ ಬ್ರಿಟನ್ನಿನ ಅಧ್ಯಯನವೊಂದು ಹೇಳಿತ್ತು. ಹೆದರಿಸಲು ಹೇಳುತ್ತಿಲ್ಲ, ಸ್ವಲ್ಪ ಲಿಕ್ವಿಡ್ ಬೆರೆಸಿ ಅಂತ ಅಷ್ಟೇ.

ಬಿದ್ರಿ ಬಣ್ಣ:

ಬೀದರ್‌ನಿಂದ ಒಂದು ಮಾತು. ರಾತ್ರಿ ಲೈಟ್ ಬಿದ್ದಾಗ ಬೆಳ್ಳಗಾಗುವುದರಲ್ಲಿ ಅರ್ಧ ಪಾಲು ಗಾಜಿನ ಒಳಮೈಯದು ಇರಬಹುದು. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಪ್ಲಾಸ್ಟಿಕ್‌ನಿಂದ ಎಣ್ಣೆಯಂಥ ಆವಿ ಎದ್ದು ಗಾಜಿನ ಒಳಗೆ ಕೂರುತ್ತದೆ. ಡ್ಯಾಶ್‌ಬೋರ್ಡಿಗೆ ಪಾಲಿಶ್ ಹೊಡೆಸಿದ್ದರೆ ಇನ್ನೂ ಜಾಸ್ತಿ. ಬೆರಳಿನಿಂದ ಒಳಗಡೆ ಒಂದು ಗೆರೆ ಎಳೆಯಿರಿ. ಗೆರೆ ಎದ್ದು ಕಂಡರೆ ಅಲ್ಲಿ ಪದರ ಇದೆ.

ಎರಡು ಮೈಕ್ರೋಫೈಬರ್ ಬಟ್ಟೆ ಇಟ್ಟುಕೊಳ್ಳಿ, ಒಂದು ಒದ್ದೆ, ಒಂದು ಒಣ. ಒಳಗೆ ಮೇಲಿನಿಂದ ಕೆಳಕ್ಕೆ ಒರೆಸಿ, ಹೊರಗೆ ಅಡ್ಡಕ್ಕೆ. ಗೆರೆ ಉಳಿದರೆ ಯಾವ ಕಡೆಯದು ಅಂತ ತಕ್ಷಣ ಗೊತ್ತಾಗುತ್ತದೆ. ಗಾಜು ಡ್ಯಾಶ್‌ಬೋರ್ಡಿಗೆ ಸೇರುವ ಮೂಲೆಗೆ ಕೈ ಹೋಗುವುದಿಲ್ಲ. ಎಡಗಡೆ ಸೀಟಿನಲ್ಲಿ ಕೂತು, ಅಂಗೈ ಮೇಲೆ ಮಾಡಿ ಬಟ್ಟೆ ತಳ್ಳಿ.

ನಮ್ಮಲ್ಲಿ ಚಳಿಗಾಲದ ಬೆಳಿಗ್ಗೆ, ಮಳೆಗಾಲದಲ್ಲಿ ಗಾಜಿನ ಒಳಗೆ ಹಬೆ ಕಟ್ಟುತ್ತದೆ. ಎಸಿ ಹಾಕಿ ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ, ಹೊರಗಿನ ಗಾಳಿ ಒಳಗೆ ಬರುವ ಹಾಗೆ ಇಡಿ. ಹಬೆ ಹೊರಗಡೆ ಕಟ್ಟಿದರೆ ಎಸಿ ಜಾಸ್ತಿ ತಣ್ಣಗಾಗಿದೆ ಅಂತ ಅರ್ಥ. ತಂಪು ಕಡಿಮೆ ಮಾಡಿ ಒಂದು ಸಲ ವೈಪರ್ ಹಾಕಿ.

ಶಹಾಪುರ ಕಾಲುವೆ:

ನಮ್ಮ ಯಾದಗಿರಿ ಕಡೆ ಸಿಮೆಂಟಿಗಿಂತ ಹುಳದ ಕಾಟ ಜಾಸ್ತಿ ರೀ. ಭತ್ತದ ಗದ್ದೆ ಪಕ್ಕ ರಾತ್ರಿ ಓಡಿಸಿದರೆ ಗಾಜು ಪೂರ್ತಿ ಹುಳ. ಒಣಗಿದ ಹುಳದ ಮೇಲೆ ವೈಪರ್ ಹಾಕಿದರೆ ಕಣ್ಣ ಮುಂದೆಯೇ ಪಟ್ಟಿ ಬಳಿಯುತ್ತದೆ. ಗಾಡಿ ನಿಲ್ಲಿಸಿ ಒದ್ದೆ ಪೇಪರ್ ಹಾಸಿಡಿ, ಸ್ವಲ್ಪ ಹೊತ್ತಿಗೆ ತಾನಾಗೇ ಬಿಡುತ್ತದೆ.

ಸೇಡಂ ರೋಡ್:

ವಿನೆಗರ್ ಕೆಲಸ ಮಾಡಿತು. ಒಳಗೂ ಒರೆಸಿದೆ, ಬಟ್ಟೆ ಹಳದಿಯಾಯಿತು! ಎಡಗಡೆ ನಾಜಲ್ ಮಾತ್ರ ಹಾಗೇ ಇದೆ. ಇನ್ನೊಂದು ಡೌಟ್: ಮನೆಯಲ್ಲಿ ಎಂಜಿನ್ ತಂಪಿಗೆ ಹಾಕುವ ಹಸಿರು ಕೂಲಂಟ್ ಅರ್ಧ ಬಾಟಲಿ ಉಳಿದಿದೆ, ವಾಷರ್‌ಗೆ ಹಾಕಬಹುದಾ?

ಹತ್ತು-ಹನ್ನೊಂದು ಪಾನಾ:

ಕೂಲಂಟ್ ಬೇಡವೇ ಬೇಡ. ಅದರಲ್ಲಿ ಗ್ಲೈಕಾಲ್ ಇರುತ್ತದೆ, ಗಾಜಿಗೆ ಎಣ್ಣೆ ಬಳಿದ ಹಾಗೆ. ಎರಡೂ ಟ್ಯಾಂಕ್ ಬಾನೆಟ್ ಅಡಿಯಲ್ಲೇ ಇರುತ್ತವೆ. ಗಾಜು ಮತ್ತು ಚಿಮ್ಮುವ ನೀರಿನ ಚಿತ್ರ ಇರುವ ಮುಚ್ಚಳವೇ ವಾಷರ್‌ನದು.

ಬಲಗಡೆ ನಾಜಲ್ ಸರಿಯಾಗಿ ಹಾರುತ್ತಿದೆ ಅಂದಮೇಲೆ ಪಂಪ್, ಫ್ಯೂಸ್ ಎರಡೂ ಸರಿ ಇವೆ. ಎಡಗಡೆ ತೂತಿನಲ್ಲಿ ಸುಣ್ಣ ಕಟ್ಟಿದೆ. ತೆಳು ಸೂಜಿ ಮೆಲ್ಲಗೆ ಆಡಿಸಿ, ಒತ್ತಿ ಒಳಗೆ ತಳ್ಳಬೇಡಿ. ಬಿಡದಿದ್ದರೆ ಬಾನೆಟ್ ಎತ್ತಿ ಅದರ ಅಡಿಯ ಪೈಪ್ ಬಿಚ್ಚಿ, ಯಾರಿಗಾದರೂ ವಾಷರ್ ಹೊಡೆಯಲು ಹೇಳಿ. ಪೈಪಿನಲ್ಲಿ ನೀರು ಜೋರಾಗಿ ಬಂದರೆ ತೊಂದರೆ ನಾಜಲ್‌ನಲ್ಲೇ. ಬಿಚ್ಚಿ ವಿನೆಗರ್‌ನಲ್ಲಿ ನೆನೆಸಿಡಿ. ಪೈಪಿನಲ್ಲೂ ಬರದಿದ್ದರೆ ಅದು ಎಲ್ಲೋ ಮಡಿಚಿದೆ ಅಥವಾ ಪಾಚಿ ಸಿಕ್ಕಿದೆ. ಹಳೆಯ ನೀರನ್ನು ಪೂರ್ತಿ ಖಾಲಿ ಮಾಡಿ, ಒಮ್ಮೆ ಆರ್‌ಒ ನೀರಿನಲ್ಲಿ ಜಾಲಿಸಿ, ಆಮೇಲೆ ಹೊಸದು ತುಂಬಿ. ಖಾಲಿ ಟ್ಯಾಂಕಿನಲ್ಲಿ ಪಂಪ್ ಓಡಿಸಬೇಡಿ, ಸುಟ್ಟುಹೋಗುತ್ತದೆ.

ಸೇಡಂ ರೋಡ್:

ನಾಜಲ್ ನೆನೆಸಿದ್ದಕ್ಕೆ ಅಕ್ಕಿನುಚ್ಚಿನಷ್ಟು ಬಿಳಿ ಚೂರು ಬಿತ್ತು ಸರ್. ಈಗ ಎಡಗಡೆಯದು ಗಾಜು ದಾಟಿ ಮಾಡಿಗೇ ಹೊಡೆಯುತ್ತಿದೆ.

ಹತ್ತು-ಹನ್ನೊಂದು ಪಾನಾ:

ಅದೇ ಸೂಜಿ ತೂತಿಗೆ ಹಾಕಿ ಕೂದಲೆಳೆಯಷ್ಟು ಕೆಳಕ್ಕೆ ತಿರುಗಿಸಿ. ಗಾಡಿ ಓಡುವಾಗ ಗಾಳಿ ನೀರನ್ನು ಕೆಳಗೆ ಒತ್ತುತ್ತದೆ, ಹಾಗಾಗಿ ನಿಂತಾಗ ಗಾಜಿನ ನಡುವಿಗಿಂತ ಸ್ವಲ್ಪ ಮೇಲೇ ಬೀಳಲಿ.