6.7ರಿಂದ 8ಕ್ಕೆ: ಮೊದಲು ಹೋಸ್ಟೋ, ಸ್ಟೋರೇಜೋ?

ಹಳೇಹೋಸ್ಟ್: ಮೂರು ವಿಎಂವೇರ್ ಇಎಸ್‌ಎಕ್ಸ್‌ಐ 6.7 ಹೋಸ್ಟ್ (ವಿಎಂ, ಅಂದರೆ ವರ್ಚುವಲ್ ಯಂತ್ರ ಓಡಿಸುವ ಸರ್ವರ್), ಅವನ್ನು ನಿರ್ವಹಿಸುವ ಒಂದು ವಿಸೆಂಟರ್ 6.7. ವಿಎಂ ಡಿಸ್ಕ್‌ಗಳಿರುವ ಡೇಟಾಸ್ಟೋರ್ ಬರುವುದು ಝಡ್‌ಎಫ್‌ಎಸ್ ಫೈಲ್‌ಸಿಸ್ಟಮ್‌ನ ಸ್ಟೋರೇಜ್ ಡಬ್ಬದಿಂದ, ಫೈಲ್ ಹಂಚುವ ಎನ್‌ಎಫ್‌ಎಸ್ ಪ್ರೊಟೋಕಾಲ್‌ನ ಆವೃತ್ತಿ 3ರಲ್ಲಿ. ವಿಂಡೋಸ್ ಯಂತ್ರಗಳಿಗೆ ಫೋಲ್ಡರ್ ಹಂಚುವ ಸಾಂಬಾ ಶೇರ್‌ಗಳೂ ಅದರಲ್ಲೇ. ಎಲ್ಲವನ್ನೂ ಏರಿಸಬೇಕು, ಕ್ರಮ ಯಾವುದು?

ಡೇಟಾಸ್ಟೋರ್_ದಾಸ: ಮೊದಲು ವಿಸೆಂಟರ್, ಎರಡು ಮಾತಿಲ್ಲ. ವಿಸೆಂಟರ್ 8 ನಿಮ್ಮ 6.7 ಹೋಸ್ಟ್‌ಗಳನ್ನು ನೋಡಿಕೊಳ್ಳುತ್ತೆ, ಹಳೇ ವಿಸೆಂಟರ್ 8ರ ಹೋಸ್ಟನ್ನು ಸೇರಿಸಿಕೊಳ್ಳಲ್ಲ. ಹೊಸ ವಿಸೆಂಟರ್ ಅಪ್ಲಯನ್ಸ್‌ಗೆ ತಾತ್ಕಾಲಿಕ ಐಪಿ ಒಂದು ಎತ್ತಿಡಿ. ಆಮೇಲೆ ಒಂದೊಂದೇ ಹೋಸ್ಟ್. ಇಎಸ್‌ಎಕ್ಸ್‌ಐ 7.0ರಲ್ಲೇ ವಿಎಂಕೆಲಿನಕ್ಸ್ ಎಂಬ ಹಳೇ ಲಿನಕ್ಸ್ ಮೂಲದ ಡ್ರೈವರ್‌ಗಳನ್ನು ಕಿತ್ತುಹಾಕಿದ್ದಾರೆ. ಮಾಡ್ಯೂಲ್ ಪಟ್ಟಿಯಲ್ಲಿ ಆ ಹೆಸರು ಕಂಡರೆ ನಿಲ್ಲಿ, ಅಪ್‌ಗ್ರೇಡ್ ಆದಮೇಲೆ ನೆಟ್‌ವರ್ಕ್ ಕಾರ್ಡೇ ಕಾಣದೆ ಹೋಗಬಹುದು. ವಿಎಂಗಳ ವರ್ಚುವಲ್ ಹಾರ್ಡ್‌ವೇರ್ ಆವೃತ್ತಿ ಕಟ್ಟಕಡೆಗೆ: 20ಕ್ಕೆ ಏರಿಸಿದ ವಿಎಂ 6.7 ಹೋಸ್ಟ್‌ನಲ್ಲಿ ಆನ್ ಆಗಲ್ಲ. ಸ್ಟೋರೇಜ್ ಇದೆಲ್ಲ ಮುಗಿದಮೇಲೆ. ಅಪ್‌ಡೇಟ್ ಹಾಕಿ ಝಡ್‌ಪೂಲ್ ಅಪ್‌ಗ್ರೇಡ್ (ಡಿಸ್ಕ್‌ಗಳ ಗುಂಪಾದ ಪೂಲ್‌ನಲ್ಲಿ ಹೊಸ ಫೀಚರ್ ಆನ್ ಮಾಡುವ ಆಜ್ಞೆ) ಓಡಿಸಿದರಾಯ್ತು.

ಪೂಲ್‌ಪಾಲಕ: "ಓಡಿಸಿದರಾಯ್ತು"? ಹೋದರೆ ವಾಪಸ್ ಬರದ ದಾರಿ ಸ್ವಾಮಿ ಅದು. ಹೊಸ ಫೀಚರ್ ಫ್ಲಾಗ್ ಸಕ್ರಿಯವಾದರೆ ಪೂಲ್ ಹಳೇ ಆವೃತ್ತಿಯಲ್ಲಿ ಇಂಪೋರ್ಟ್ ಆಗದೇ ಇರಬಹುದು. ಬೂಟ್ ಪೂಲನ್ನು ಓದುವುದು ಗ್ರಬ್ ಬೂಟ್‌ಲೋಡರ್ ಆಗಿದ್ದರೆ ಯಂತ್ರವೇ ಏಳದೇ ಹೋಗಬಹುದು. ಓಪನ್‌ಝಡ್‌ಎಫ್‌ಎಸ್ 2.2.0ಕ್ಕೆ ಹೀಗೇ ಹಾರಿದವರು ಬ್ಲಾಕ್ ಕ್ಲೋನಿಂಗ್‌ನಿಂದ (ಡೇಟಾ ಮತ್ತೆ ಬರೆಯದೆ ನಕಲು ಮಾಡುವ ಫೀಚರ್) ಫೈಲ್ ಕೆಡಿಸಿಕೊಂಡರು.

ಡೇಟಾಸ್ಟೋರ್_ದಾಸ: ಬ್ಲಾಕ್ ಕ್ಲೋನಿಂಗ್ ಮೇಲೆ ಯಾಕೆ ಗೂಬೆ ಕೂರಿಸ್ತೀರಿ? 2.2.1ರಲ್ಲಿ ಅದನ್ನು ಆಫ್ ಮಾಡಿದರೂ ಮೂಲ ದೋಷ ಉಳಿದೇ ಇತ್ತು. ಡಿನೋಡ್ (ಫೈಲ್‌ನ ಒಳದಾಖಲೆ) ಡರ್ಟಿ, ಅಂದರೆ ಡಿಸ್ಕ್‌ಗೆ ಇನ್ನೂ ಇಳಿಯದ ಬದಲಾವಣೆ ಇರುವಂಥದ್ದು ಹೌದೋ ಅಲ್ಲವೋ ಅಂತ ನೋಡುವ ಕಡೆ ಎಡವಟ್ಟು. ಪರಿಹಾರ 2.2.2ರ ಜೊತೆ 2.1.14ಕ್ಕೂ ಬಂತು. 2.1ರಲ್ಲಿ ಬ್ಲಾಕ್ ಕ್ಲೋನಿಂಗ್ ಇತ್ತೇ, ಹೇಳಿ?

ಕಡತಕಾವಲು: ಸಾಂಬಾ ಬಗ್ಗೆ ಯಾರೂ ಉಸಿರೆತ್ತಿಲ್ಲ. ಸಾಂಬಾ 4.11ರಿಂದ ಎಸ್‌ಎಂಬಿ 1 (ಫೋಲ್ಡರ್ ಹಂಚುವ ಹಳೇ ಪ್ರೊಟೋಕಾಲ್) ಡೀಫಾಲ್ಟ್ ಆಗಿ ಬಂದ್. ಅದೊಂದೇ ಗೊತ್ತಿರುವ ಹಳೇ ಸ್ಕ್ಯಾನರ್ ಇದ್ದರೆ ಅಪ್‌ಡೇಟ್ ಆದ ಮರುಗಳಿಗೆ ಫೋಲ್ಡರ್‌ಗೆ ಬರೆಯೋದು ನಿಲ್ಲುತ್ತೆ. ಇನ್ನು ವಿಂಡೋಸ್ 11 24ಎಚ್2 ಪ್ರೊ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಶೇರನ್ನು ಡೀಫಾಲ್ಟ್ ಆಗಿ ತೆರೆಯಲ್ಲ.

ಪೂಲ್‌ಪಾಲಕ: @ದಾಸ, ದೋಷ ಹಳೇದೇ ಇರಲಿ, ಕಣ್ಣಿಗೆ ಬಿದ್ದದ್ದು 2.2.0ರಲ್ಲಿ ತಾನೇ?

ಡೇಟಾಸ್ಟೋರ್_ದಾಸ: ಕಣ್ಣಿಗೆ ಬೀಳಿಸಿದ್ದರಲ್ಲಿ ಲಿನಕ್ಸ್‌ನ ಕೋರ್‌ಯುಟಿಲ್ಸ್ 9ರ ನಕಲು ಆಜ್ಞೆ ಸಿಪಿಯ ಪಾಲೂ ಇದೆ. ಅದು ಫೈಲ್‌ನಲ್ಲಿ ರಂಧ್ರ (ಏನೂ ಬರೆಯದ ಜಾಗ) ಎಲ್ಲಿದೆ ಅಂತ ಕೇಳಿ ನಕಲು ಮಾಡುತ್ತೆ. ಆಗಷ್ಟೇ ಬರೆದ ಜಾಗವನ್ನು ಝಡ್‌ಎಫ್‌ಎಸ್ ರಂಧ್ರ ಅಂದುಬಿಟ್ಟರೆ ನಕಲಿನಲ್ಲಿ ಅಲ್ಲಿ ಬರೀ ಸೊನ್ನೆ. ಇದರಲ್ಲಿ ಝಡ್‌ಪೂಲ್ ಅಪ್‌ಗ್ರೇಡ್ ಏನು ಪಾಪ ಮಾಡಿತ್ತು?

ರೀಬೂಟ್‌ರಾಯ: ಇಬ್ಬರೂ ಸ್ವಲ್ಪ ತಡೀರಿ. "ಸ್ಟೋರೇಜ್ ಇದೆಲ್ಲ ಮುಗಿದಮೇಲೆ" ಸರಿ, ಡಬ್ಬ ರೀಬೂಟ್ ಆಗುವಾಗ ವಿಎಂಗಳ ಗತಿ? ಹೋಸ್ಟ್‌ನ ಎಪಿಡಿ (ಸ್ಟೋರೇಜ್ ದಾರಿಗಳೆಲ್ಲ ಕಡಿದ ಸ್ಥಿತಿ) ಟೈಮೌಟ್ 140 ಸೆಕೆಂಡ್. ವಿಎಂವೇರ್ ಟೂಲ್ಸ್ ಹಾಕದ ಲಿನಕ್ಸ್ ಗೆಸ್ಟ್‌ಗೆ (ವಿಎಂ ಒಳಗಿನ ಓಎಸ್) ಡಿಸ್ಕ್ ಟೈಮೌಟ್ 30 ಸೆಕೆಂಡ್, ಟೂಲ್ಸ್ ಇದ್ದರೆ 180. ಎಚ್‌ಬಿಎ (ಡಿಸ್ಕ್ ಜೋಡಿಸುವ ಕಾರ್ಡ್) ತುಂಬಾ ಡಿಸ್ಕ್ ಇರುವ ಸರ್ವರ್‌ಗೆ ಬಯೋಸ್ ದಾಟೋಕೇ ಅಷ್ಟು ಹೊತ್ತು ಬೇಕು. ಗೆಸ್ಟ್‌ನ ಫೈಲ್‌ಸಿಸ್ಟಮ್ ರೀಡ್ ಓನ್ಲಿಗೆ ಬೀಳುತ್ತೆ. ವಿಎಂ ಆಫ್ ಮಾಡಿ, ಆಮೇಲೆ ಡಬ್ಬ ಮುಟ್ಟಿ.

ಡೇಟಾಸ್ಟೋರ್_ದಾಸ: ಆಫ್ ಯಾಕೆ, ಆ ಡೇಟಾಸ್ಟೋರನ್ನು ಎನ್‌ಎಫ್‌ಎಸ್ 4.1ಕ್ಕೆ ಬದಲಿಸುತ್ತಾ ಹೋದರೆ ಸೆಷನ್ ಮತ್ತೆ ಹಿಡಿಯುತ್ತೆ.

ರೀಬೂಟ್‌ರಾಯ: "ಬದಲಿಸುತ್ತಾ ಹೋದರೆ" ಅಂದರೆ? ಒಂದು ಹೋಸ್ಟ್ 3ರಲ್ಲಿ, ಇನ್ನೊಂದು 4.1ರಲ್ಲಿ ಒಂದೇ ಎಕ್ಸ್‌ಪೋರ್ಟ್ ಮೌಂಟ್ ಮಾಡೋದೇ? 3ಕ್ಕೆ ಬೀಗ ಅಂದರೆ ಇಎಸ್‌ಎಕ್ಸ್‌ಐ ಬರೆಯುವ .ಎಲ್‌ಸಿಕೆ ಫೈಲ್, 4.1ಕ್ಕೆ ಸರ್ವರ್ ಕೊಡುವ ಬೀಗ. ಒಬ್ಬರ ಬೀಗ ಇನ್ನೊಬ್ಬರಿಗೆ ಕಾಣಲ್ಲ, ಒಂದೇ ವಿಎಂಡಿಕೆಗೆ (ವಿಎಂನ ಡಿಸ್ಕ್ ಫೈಲ್) ಇಬ್ಬರೂ ಬರೆದು ಕೆಡಿಸ್ತಾರೆ. ದಯವಿಟ್ಟು ಇಂಥ ಸಲಹೆ ಕೊಡಬೇಡಿ.

ಡೇಟಾಸ್ಟೋರ್_ದಾಸ: ಎಲ್ಲಾ ಹೋಸ್ಟ್‌ನಲ್ಲೂ ಅನ್‌ಮೌಂಟ್ ಮಾಡಿಯೇ ಅಂತ ಬಿಡಿಸಿ ಹೇಳಬೇಕಿತ್ತೇ? ಸಾಮಾನ್ಯ ಜ್ಞಾನ.

ಪೂಲ್‌ಪಾಲಕ: ಸಾಮಾನ್ಯ ಜ್ಞಾನ ಇದ್ದವರು ಅಪ್‌ಗ್ರೇಡ್‌ಗೆ ಮುಂಚೆ ಝಡ್‌ಪೂಲ್ ಚೆಕ್‌ಪಾಯಿಂಟ್ (ಇಡೀ ಪೂಲ್ ವಾಪಸ್ ಹೋಗಬಹುದಾದ ಗುರುತು) ಹಾಕ್ತಾರೆ. ಫ್ಲಾಗ್ ಆನ್ ಮಾಡಿದ್ದನ್ನೂ ಅದು ಹಿಂದಕ್ಕೆ ತರುತ್ತೆ.

ಡೇಟಾಸ್ಟೋರ್_ದಾಸ: ಜೊತೆಗೆ ಆಮೇಲೆ ಬರೆದ ಡೇಟಾವನ್ನೂ ಗುಡಿಸಿ ಹಾಕುತ್ತೆ, ಅದನ್ನು ಹೇಳಲ್ಲ! ಚೆಕ್‌ಪಾಯಿಂಟ್ ಇರುವಷ್ಟು ದಿನ ಅದರಲ್ಲಿದ್ದ ಬ್ಲಾಕ್ ಅಳಿಸಿದರೂ ಜಾಗ ಖಾಲಿಯಾಗಲ್ಲ.

ಪೂಲ್‌ಪಾಲಕ: ದಿನಗಟ್ಟಲೆ ಇಡಿ ಅಂದೆನಾ? ವಿಎಂ ಆಫ್ ಇರುವಾಗ ಹಾಕಿ, ಪರೀಕ್ಷಿಸಿ, ಆನ್ ಮಾಡುವ ಮುಂಚೆ ಅಳಿಸಿ.

ರೀಬೂಟ್‌ರಾಯ: ವಿಎಂ ಆಫ್! ನಾನು ಹೇಳಿದಾಗ ಯಾರಿಗೂ ಕೇಳಿಸಿರಲಿಲ್ಲ.

ಹಳೇಹೋಸ್ಟ್: ವಿಸೆಂಟರ್ ಮೊದಲು ಅನ್ನೋದು ಗೊತ್ತಾಯ್ತು. ಸ್ಕ್ಯಾನರ್ ಒಂದಿದೆ. ಸಾಂಬಾದ ಸರ್ವರ್ ಮಿನ್ ಪ್ರೊಟೋಕಾಲನ್ನು ಎನ್‌ಟಿ1ಕ್ಕೆ, ಅಂದರೆ ಎಸ್‌ಎಂಬಿ 1ಕ್ಕೆ, ಇಳಿಸಿದರೆ ಸಾಕಾ?

ಕಡತಕಾವಲು: 2017ರ ವಾನಾಕ್ರೈ ರ್ಯಾನ್ಸಮ್‌ವೇರ್ ಹಬ್ಬಿದ್ದೇ ವಿಂಡೋಸ್‌ನ ಎಸ್‌ಎಂಬಿ 1 ತೂತಿನಿಂದ. ಆ ಪ್ರೊಟೋಕಾಲನ್ನು ಇಡೀ ಡಬ್ಬಕ್ಕೆ ಮತ್ತೆ ತೆರೆಯಬೇಡಿ. ಸ್ಕ್ಯಾನರ್ ಎಫ್‌ಟಿಪಿಗೆ ಕಳಿಸುತ್ತಾ ನೋಡಿ.

ಡೇಟಾಸ್ಟೋರ್_ದಾಸ: ಎಫ್‌ಟಿಪಿನಾ? ಪಾಸ್‌ವರ್ಡ್ ಬಯಲಲ್ಲಿ ಹೋಗುತ್ತೆ ಸ್ವಾಮಿ.